ಬಾಡಿಗೆ ಮನೆಯ ಬೀಗ: ಹಾಸನದ ಮಾಲೀಕರ ಹಳೇ ಭಯ ಎಲ್ಲಿಂದ ಬಂತು?

ನಮ್ಮ ಬೀದಿಯಲ್ಲಿ ಒಂದು ಮನೆಗೆ ಮೂರು ವರ್ಷದಿಂದ ಬೀಗ ಬಿದ್ದಿದೆ. ಹಾಸನದ ಸಾಲಗಾಮೆ ರಸ್ತೆಯಿಂದ ಸ್ವಲ್ಪ ಒಳಗೆ. ಎರಡು ರೂಮು, ಅಡುಗೆಮನೆ, ಹಿಂದೆ ಬಟ್ಟೆ ಒಗೆಯುವ ಕಲ್ಲು, ತುಂಬಿದ ಸಂಪು. ಇಂಜಿನಿಯರಿಂಗ್ ಕಾಲೇಜು ಹತ್ತಿರ ಇರುವುದರಿಂದ ಕೇಳಿಕೊಂಡು ಬರುವವರಿಗೆ ಕೊರತೆ ಇಲ್ಲ. ಆದರೂ ಮಾಲೀಕರು ಯಾರಿಗೂ ಕೊಡುವುದಿಲ್ಲ. ಕೇಳಿದರೆ ಒಂದೇ ಮಾತು: "ಕೊಡೋದು ಸುಲಭ ಕಣಪ್ಪ, ಖಾಲಿ ಮಾಡಿಸೋರು ಯಾರು?"

ಈ ಮಾತನ್ನು ನಾನು ಚಿಕ್ಕಂದಿನಿಂದ ಕೇಳುತ್ತಾ ಬಂದಿದ್ದೇನೆ. ಇದು ಸುಮ್ನೆ ಹುಟ್ಟಿದ ಭಯ ಅಲ್ಲ. ಒಂದು ಕಾಲದಲ್ಲಿ ಅದಕ್ಕೆ ಪಕ್ಕಾ ಕಾರಣ ಇತ್ತು, ಆ ಕಾರಣ ಕಾನೂನಿನ ಪುಸ್ತಕದಲ್ಲೇ ಇತ್ತು. ಆ ಕಾನೂನು ಹೋಗಿ ಇಪ್ಪತ್ತು ವರ್ಷದ ಮೇಲಾಯಿತು. ಭಯ ಮಾತ್ರ ಉಳಿದುಕೊಂಡಿದೆ. ಆ ಭಯದಲ್ಲಿ ನಮ್ಮ ಊರಿನ ಮಾಲೀಕರು ಮಾಡಿಕೊಳ್ಳುವ ತಪ್ಪುಗಳೇ ಅವರಿಗೆ ಜಾಸ್ತಿ ನಷ್ಟ ತರುತ್ತಿವೆ.

ಎರಡನೇ ಮಹಾಯುದ್ಧದ ಸಮಯಕ್ಕೆ ಪಟ್ಟಣಗಳಲ್ಲಿ ಮನೆಗಳಿಗೆ ದೊಡ್ಡ ಅಭಾವ ಬಂತು. ಸಿಮೆಂಟು, ಕಬ್ಬಿಣ ಸಿಗುತ್ತಿರಲಿಲ್ಲ. ಬಾಡಿಗೆ ಏರುತ್ತಿತ್ತು. ದೇಶದ ಬೇರೆ ಬೇರೆ ಕಡೆ ಸರ್ಕಾರಗಳು ಬಾಡಿಗೆಗೆ ಕಡಿವಾಣ ಹಾಕಿದವು. ಹಾಸನ ಆಗ ಮೈಸೂರು ಸಂಸ್ಥಾನದ ಜಿಲ್ಲೆಯಾಗಿತ್ತು. ಮೈಸೂರು ರಾಜ್ಯದಲ್ಲಿ 1951ರಲ್ಲಿ ಮನೆ ಬಾಡಿಗೆ ನಿಯಂತ್ರಣ ಕಾಯ್ದೆ ಬಂತು. 1956ರಲ್ಲಿ ರಾಜ್ಯ ಒಂದಾದ ಮೇಲೆ ಮುಂಬೈ ಕಡೆಯದ್ದು, ಹೈದರಾಬಾದಿನದ್ದು, ಮದ್ರಾಸಿನದ್ದು, ಕೊಡಗಿನದ್ದು ಅಂತ ಬೇರೆ ಬೇರೆ ಕಾನೂನುಗಳು ಸೇರಿಕೊಂಡವು. ಅವೆಲ್ಲದರ ಜಾಗಕ್ಕೆ ಬಂದದ್ದು 1961ರ ಬಾಡಿಗೆ ನಿಯಂತ್ರಣ ಕಾಯ್ದೆ. ನಮ್ಮ ಹಿರಿಯರು "ರೆಂಟ್ ಕಂಟ್ರೋಲ್" ಅಂತ ಹೇಳುವುದು ಇದನ್ನೇ.

ಆ ಕಾಯ್ದೆಯಲ್ಲಿ ಕಂಟ್ರೋಲರ್ ಅಂತ ಒಬ್ಬ ಅಧಿಕಾರಿ ಇರುತ್ತಿದ್ದರು. ಕಾಯ್ದೆ ಜಾರಿಯಿದ್ದ ಪಟ್ಟಣದಲ್ಲಿ ಮನೆ ಖಾಲಿ ಆದರೆ ಮಾಲೀಕ ಅವರಿಗೆ ತಿಳಿಸಬೇಕಿತ್ತು. ಆ ಮನೆ ಯಾರಿಗೆ ಅಂತ ಹಂಚುವ ಅಧಿಕಾರ ಅವರಿಗಿತ್ತು. ನಿಮ್ಮದೇ ಮನೆ, ಆದರೆ ಒಳಗೆ ಯಾರು ಬರಬೇಕು ಅನ್ನುವುದನ್ನು ಇನ್ನೊಬ್ಬರು ಹೇಳಬಹುದಿತ್ತು.

ಅದಕ್ಕಿಂತ ಬಿಗಿ ಇದ್ದದ್ದು 21ನೇ ಕಲಂ. ಬಾಡಿಗೆದಾರನನ್ನು ಖಾಲಿ ಮಾಡಿಸುವ ಆದೇಶವನ್ನು ಯಾವ ಕೋರ್ಟೂ ಕೊಡುವಂತಿಲ್ಲ ಅಂತಲೇ ಅದು ಶುರುವಾಗುತ್ತಿತ್ತು. ಆಮೇಲೆ ವಿನಾಯಿತಿಗಳು: ಬಾಡಿಗೆ ಕಟ್ಟದಿದ್ದರೆ, ಮನೆ ಹಾಳು ಮಾಡಿದರೆ, ಬೇರೆಯವರಿಗೆ ಒಳಬಾಡಿಗೆಗೆ ಕೊಟ್ಟರೆ, ಅಕ್ಕಪಕ್ಕದವರಿಗೆ ತೊಂದರೆ ಕೊಟ್ಟರೆ, ಮಾಲೀಕನಿಗೇ ನಿಜವಾಗಿ ಬೇಕಾದರೆ. ಕೊನೆಯದ್ದನ್ನು ಸಾಬೀತು ಮಾಡಿದರೂ ಮುಗಿಯುತ್ತಿರಲಿಲ್ಲ. ಖಾಲಿ ಮಾಡಿಸಿದರೆ ಬಾಡಿಗೆದಾರನಿಗೆ ಆಗುವ ಕಷ್ಟ ದೊಡ್ಡದೋ, ಮಾಡಿಸದಿದ್ದರೆ ಮಾಲೀಕನಿಗೆ ಆಗುವ ಕಷ್ಟ ದೊಡ್ಡದೋ ಅಂತ ಕೋರ್ಟು ತೂಗಿ ನೋಡಬೇಕಿತ್ತು.

ಈ ತೂಗುವುದು ಹೇಗಿರುತ್ತಿತ್ತು ಅನ್ನುವುದು ನಮ್ಮ ಮನೆಯಲ್ಲೇ ಗೊತ್ತು. ದೊಡ್ಡಪ್ಪನಿಗೆ ಪೆನ್ಷನ್ ಮೊಹಲ್ಲಾದಲ್ಲಿ ಒಂದು ಹೆಂಚಿನ ಮನೆ ಇತ್ತು. ಬಾಡಿಗೆ ತಿಂಗಳಿಗೆ 40 ರೂಪಾಯಿ. ಮಗನ ಮದುವೆ ಗೊತ್ತಾದಾಗ ಆ ಮನೆ ಬೇಕಾಯಿತು, ಕೇಸು ಹಾಕಿದರು. ಪಾಟೀಸವಾಲಿನಲ್ಲಿ ಎದುರು ವಕೀಲರು ಕೇಳಿದ್ದು ಇಷ್ಟೇ: ನಿಮ್ಮ ಮನೆಯಲ್ಲಿ ಎಷ್ಟು ಕೋಣೆ, ಎಷ್ಟು ಜನ, ಯಾರು ಎಲ್ಲಿ ಮಲಗುತ್ತಾರೆ? ದೊಡ್ಡಪ್ಪ ಕಟಕಟೆಯಲ್ಲಿ ನಿಂತು, ಅಜ್ಜಿ ನಡುಮನೆಯಲ್ಲಿ, ಹುಡುಗರು ಜಗುಲಿಯಲ್ಲಿ ಅಂತ ಒಂದೊಂದೇ ಹೇಳಬೇಕಾಯಿತು. ಆ ದಿನ ಮನೆಗೆ ಬಂದು ಊಟ ಮಾಡಲಿಲ್ಲವಂತೆ. ಒಂಬತ್ತು ವರ್ಷ ವಾಯಿದೆ ಮೇಲೆ ವಾಯಿದೆ. ಮಗನಿಗೆ ಮದುವೆಯಾಗಿ ಎರಡು ಮಕ್ಕಳಾದ ಮೇಲೆ ರಾಜಿ ಆಯಿತು. ದೊಡ್ಡಪ್ಪನೇ ಕೈಯಿಂದ ದುಡ್ಡು ಕೊಟ್ಟು ಬಿಡಿಸಿಕೊಂಡರು.

ಹಾಗಂತ ಆ ಬಾಡಿಗೆದಾರರು ಕೆಟ್ಟವರಾಗಿರಲಿಲ್ಲ. ನಾಲ್ಕು ಮಕ್ಕಳ ಸಂಸಾರ. ದೊಡ್ಡಪ್ಪ ಬಾಡಿಗೆ ಮುಟ್ಟಲ್ಲ ಅಂದಾಗಲೆಲ್ಲ ಮನಿಯಾರ್ಡರ್ ಮಾಡುತ್ತಿದ್ದರು. ಅದು ವಾಪಸ್ ಬಂದರೆ ಕೋರ್ಟಿನಲ್ಲಿ ಕಟ್ಟುತ್ತಿದ್ದರು. ಒಂದು ತಿಂಗಳೂ ತಪ್ಪಿಸಲಿಲ್ಲ. ಬಾಡಿಗೆ ಬಾಕಿ ಉಳಿಸಿಕೊಂಡವರು ಕೇಸು ನಡೆಸಲು ಆಗದ ಹಾಗೆ ಕಾಯ್ದೆಯಲ್ಲೇ ಬಿಗಿ ಇತ್ತು. ಆ ಕಾನೂನು ಎಷ್ಟೋ ಬಡ ಸಂಸಾರಗಳನ್ನು ಬೀದಿಗೆ ಬೀಳದಂತೆ ಉಳಿಸಿದೆ. ಅದನ್ನು ಮರೆತು ಬರೀ ಮಾಲೀಕರ ಸಂಕಟ ಹೇಳಿದರೆ ನ್ಯಾಯ ಆಗುವುದಿಲ್ಲ.

ಆದರೆ 40 ರೂಪಾಯಿ ಬಾಡಿಗೆಯಲ್ಲಿ ಹೆಂಚು ಯಾರು ಬದಲಾಯಿಸುತ್ತಾರೆ? ಹಳೇ ಮನೆಗಳು ಸೋರುತ್ತಾ ಹೋದವು, ಹೊಸದಾಗಿ ಬಾಡಿಗೆಗೆ ಕೊಡುವವರು ಹಿಂದೆ ಸರಿದರು. 1992ರಲ್ಲಿ ಕೇಂದ್ರ ಸರ್ಕಾರ ಒಂದು ಮಾದರಿ ಕಾನೂನು ಮಾಡಿ ರಾಜ್ಯಗಳಿಗೆ ಕಳಿಸಿತು. ಅದೇ ದಾರಿಯಲ್ಲಿ ನಮ್ಮಲ್ಲಿ ಕರ್ನಾಟಕ ಬಾಡಿಗೆ ಕಾಯ್ದೆ, 1999 ತಯಾರಾಯಿತು. ಜಾರಿಗೆ ಬಂದದ್ದು 2001ರ ಡಿಸೆಂಬರ್ 31ಕ್ಕೆ. ಹೆಸರಿನಲ್ಲಿ "ನಿಯಂತ್ರಣ" ಅನ್ನುವ ಪದ ಇಲ್ಲ, ಗಮನಿಸಿ.

ಬಹಳ ಮಾಲೀಕರಿಗೆ ಗೊತ್ತೇ ಇಲ್ಲದ ಬದಲಾವಣೆ ಇರುವುದು ಇಲ್ಲಿ. ಆ ಕಾಯ್ದೆ ಎಲ್ಲಾ ಮನೆಗೂ ಅನ್ವಯಿಸುವುದಿಲ್ಲ. ಕಾಯ್ದೆ ಹೇಳಿದ ಲೆಕ್ಕದಲ್ಲಿ ಬರುವ ಬಾಡಿಗೆ ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಉಳಿದ ಕಡೆ 2,000 ರೂಪಾಯಿ ದಾಟಿದರೆ ಆ ಮನೆ ಕಾಯ್ದೆಯ ಹೊರಗೆ. ಹಾಸನದಲ್ಲಿ ಇವತ್ತು ಎರಡು ಸಾವಿರಕ್ಕೆ ಸಂಸಾರ ಹೂಡುವಂಥ ಮನೆ ಎಲ್ಲಿ ಸಿಗುತ್ತದೆ? ಕುವೆಂಪುನಗರ, ವಿದ್ಯಾನಗರದ ಕಡೆ ನೀವು ಬಾಡಿಗೆಗೆ ಕೊಡುವ ಮನೆಗೆ ಆ ಹಳೇ ರೆಂಟ್ ಕಂಟ್ರೋಲಿನ ನೆರಳೂ ಬೀಳುವುದಿಲ್ಲ. ಒಳಗೆ ಉಳಿದಿರುವುದು ಕಡಿಮೆ ಬಾಡಿಗೆಯ ಹಳೇ ಮನೆಗಳು. ಅಲ್ಲಿ ಖಾಲಿ ಮಾಡಿಸಲು ಈಗಲೂ ಕಾಯ್ದೆ ಹೇಳಿದ ಕಾರಣವೇ ಬೇಕು. ಆದರೆ ವಿಧವೆಯರು, ಸೇನೆಯಲ್ಲಿ ಇರುವವರು ಬೇಗ ಮನೆ ವಾಪಸ್ ಪಡೆಯಲು ಬೇರೆ ದಾರಿ ಇಟ್ಟಿದ್ದಾರೆ.

ಕಾಯ್ದೆಯ ಹೊರಗಿನ ಮನೆಗಳಿಗೆ ನಡೆಯುವುದು ಬ್ರಿಟಿಷರ ಕಾಲದ, 1882ರ ಆಸ್ತಿ ವರ್ಗಾವಣೆ ಕಾಯ್ದೆ. ಅದರ 106ನೇ ಕಲಂ ಪ್ರಕಾರ ತಿಂಗಳ ಬಾಡಿಗೆಗೆ ಕೊಟ್ಟ ಮನೆಗೆ, ಕರಾರಿನಲ್ಲಿ ಬೇರೆ ಮಾತು ಇಲ್ಲದಿದ್ದರೆ, 15 ದಿನದ ಲಿಖಿತ ನೋಟಿಸು ಸಾಕು. ಕಾರಣ ಹೇಳಬೇಕಾಗಿಲ್ಲ. ಯಾರು ಎಲ್ಲಿ ಮಲಗುತ್ತಾರೆ ಅಂತ ಯಾರೂ ಕೇಳುವುದಿಲ್ಲ. ಮೊದಲು ಇದರಲ್ಲೂ ಒಂದು ಮುಳ್ಳಿತ್ತು. ನೋಟಿಸಿನ ಗಡುವು ಬಾಡಿಗೆ ತಿಂಗಳು ಮುಗಿಯುವ ದಿನಕ್ಕೇ ಮುಗಿಯಬೇಕಿತ್ತು, ಒಂದು ದಿನ ಹೆಚ್ಚುಕಮ್ಮಿ ಆದರೂ ಕೇಸು ಬಿದ್ದುಹೋಗುತ್ತಿತ್ತು. 2002ರ ಕೊನೆಗೆ ಬಂದ ತಿದ್ದುಪಡಿ ಆ ಮುಳ್ಳನ್ನು ತೆಗೆಯಿತು. ಈಗ 15 ದಿನ ಕಳೆದ ಮೇಲೆ ದಾವೆ ಹಾಕಿದ್ದರೆ ನೋಟಿಸಿನ ದಿನದ ಲೆಕ್ಕ ತಪ್ಪಿದೆ ಅಂತ ಮಾತ್ರಕ್ಕೆ ಅದು ಬೀಳುವುದಿಲ್ಲ.

ನೋಟಿಸಿಗೆ ವಕೀಲರ ಹತ್ತಿರ ಹೋಗಿ. ರಿಜಿಸ್ಟರ್ಡ್ ಪೋಸ್ಟ್ ಅನ್ನು 2025ರಲ್ಲಿ ಅಂಚೆ ಇಲಾಖೆ ಸ್ಪೀಡ್ ಪೋಸ್ಟ್ ಜೊತೆ ಸೇರಿಸಿದೆ. ಹಾಗಾಗಿ ಸ್ಪೀಡ್ ಪೋಸ್ಟಿನಲ್ಲೇ, ತಲುಪಿದ ದಾಖಲೆ ಬೇಕು ಅಂತ ಕೇಳಿ ಕಳಿಸಬೇಕು. ಆ ದಾಖಲೆ, ಲಕೋಟೆಯ ನಕಲು, ಅಂಚೆ ರಸೀತಿ ಮೂರನ್ನೂ ಜೋಪಾನವಾಗಿಡಿ. ಸರಿಯಾದ ವಿಳಾಸಕ್ಕೆ ಕಳಿಸಿದ್ದನ್ನು ಬಾಡಿಗೆದಾರ ಬೇಕಂತಲೇ ಬಿಡಿಸಿಕೊಳ್ಳದೆ ವಾಪಸ್ ಕಳಿಸಿದರೆ, ತಲುಪಿದೆ ಅಂತಲೇ ಕೋರ್ಟು ಭಾವಿಸಬಹುದು.

ಗಡುವು ಮುಗಿದರೂ ಬಿಡದಿದ್ದರೆ ಸಿವಿಲ್ ದಾವೆ. ಕೋರ್ಟ್ ಫೀ ಅಂದ ತಕ್ಷಣ ಮನೆಯ ಬೆಲೆಯ ಮೇಲೆ ಲೆಕ್ಕ ಹಾಕುತ್ತಾರೆ ಅಂತ ಹೆದರುವವರು ಇದ್ದಾರೆ. ಹಾಗಿಲ್ಲ. ಬಾಡಿಗೆದಾರನ ಮೇಲಿನ ದಾವೆಗೆ ಹಿಂದಿನ ಒಂದು ವರ್ಷದ ಬಾಡಿಗೆಯೇ ಲೆಕ್ಕ. ತಿಂಗಳಿಗೆ 8,000 ಇದ್ದರೆ 96,000 ರೂಪಾಯಿ ಮೇಲೆ ಫೀ. ಅದೇ ದಾವೆಯಲ್ಲಿ ಬಾಕಿ ಬಾಡಿಗೆ ಕೇಳಬಹುದು. ಆದರೆ ಮೂರು ವರ್ಷಕ್ಕಿಂತ ಹಳೇ ಬಾಕಿ ಸಿಗುವುದಿಲ್ಲ. ನೋಟಿಸಿನ ಗಡುವಿನ ನಂತರ ಕೂತ ದಿನಗಳಿಗೆ ನಷ್ಟ ಪರಿಹಾರ ಕೇಳಬಹುದು. ಡಿಕ್ರಿ, ಅಂದರೆ ಕೋರ್ಟಿನ ತೀರ್ಪು ಆದ ಮೇಲೂ ಬಿಡದಿದ್ದರೆ, ಅದನ್ನು ಜಾರಿ ಮಾಡಿಸಲು ಅಮಲ್ಜಾರಿ ಅರ್ಜಿ. ಆಗ ಕೋರ್ಟಿನ ಅಮೀನರು ಬಂದು ಮನೆ ಬಿಡಿಸಿಕೊಡುತ್ತಾರೆ. ಅಮಲ್ಜಾರಿ ವರ್ಷಗಟ್ಟಲೆ ಎಳೆಯುವುದು ದೊಡ್ಡ ನೋವು. ಬೆಂಗಳೂರಿನ ಒಂದು ಜಾಗದ ಕೇಸಿನಲ್ಲಿ ಸುಪ್ರೀಂ ಕೋರ್ಟ್ 2021ರಲ್ಲಿ, ಅಮಲ್ಜಾರಿ ಅರ್ಜಿಗಳನ್ನು ಆರು ತಿಂಗಳಲ್ಲಿ ಮುಗಿಸಬೇಕು, ತಡವಾದರೆ ಕಾರಣ ಬರೆಯಬೇಕು ಅಂತ ಹೇಳಿತು.

ಇದೆಲ್ಲ ತಡ ಆಗುತ್ತದೆ, ನಿಜ. ಆ ತಡಕ್ಕೆ ಹೆದರಿ ಜನ ಅಡ್ಡದಾರಿ ಹಿಡಿಯುತ್ತಾರೆ. ಸಂಪಿನ ಮೋಟಾರ್ ನಿಲ್ಲಿಸುವುದು, ಫ್ಯೂಸ್ ಕಿತ್ತುಕೊಳ್ಳುವುದು, ಅವರು ಹಬ್ಬಕ್ಕೆ ಊರಿಗೆ ಹೋದಾಗ ಇನ್ನೊಂದು ಬೀಗ ಜಡಿಯುವುದು. ಕೈಮುಗಿದು ಹೇಳುತ್ತೇನೆ, ಇದನ್ನು ಮಾಡಬೇಡಿ. 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಂ ಇಂಥದ್ದಕ್ಕೇ ಇದೆ. ಕಾನೂನು ಪ್ರಕಾರ ಅಲ್ಲದೆ ಹೊರಹಾಕಿಸಿಕೊಂಡವರು ಆರು ತಿಂಗಳೊಳಗೆ ದಾವೆ ಹಾಕಿದರೆ ಮತ್ತೆ ಒಳಗೆ ಬರಬಹುದು. ಆ ದಾವೆಯಲ್ಲಿ ಮನೆ ಯಾರ ಹೆಸರಿನಲ್ಲಿದೆ ಅನ್ನುವ ಪ್ರಶ್ನೆಯೇ ಬರುವುದಿಲ್ಲ. ನಿಮ್ಮ ಖಾತೆ, ಕಂದಾಯ ರಸೀತಿ ಯಾವುದೂ ಅಲ್ಲಿ ಕೆಲಸಕ್ಕೆ ಬಾರದು. ಪೊಲೀಸರ ಹತ್ತಿರ ಹೋದರೂ ಇದು ಸಿವಿಲ್ ವಿಷಯ ಅನ್ನುತ್ತಾರೆ, ಅದು ಸರಿಯೇ. ಕೋರ್ಟಿನ ಆದೇಶ ಇಲ್ಲದೆ ಮನೆ ಖಾಲಿ ಮಾಡಿಸುವ ಅಧಿಕಾರ ಅವರಿಗೂ ಇಲ್ಲ. ಮತ್ತೆ, ಒಳಗೆ ಮಕ್ಕಳು, ವಯಸ್ಸಾದವರು ಇರುವಾಗ ನೀರು ನಿಲ್ಲಿಸಲು ಮನಸ್ಸಾದರೂ ಹೇಗೆ ಬರುತ್ತದೆ?

ನಮ್ಮ ಕಡೆ ಭೋಗ್ಯದ ಕತೆ ಬೇರೆ. ಬಾಡಿಗೆ ಇಲ್ಲ, ಒಟ್ಟಿಗೆ ಮೂರು ಲಕ್ಷವೋ ಐದು ಲಕ್ಷವೋ ಕೊಟ್ಟು ಒಳಗೆ ಬರುತ್ತಾರೆ. ಆ ದುಡ್ಡನ್ನು ಮಾಲೀಕರು ಮಗಳ ಮದುವೆಗೋ ಮೇಲಿನ ಮಹಡಿಗೋ ಹಾಕಿಬಿಡುತ್ತಾರೆ. ಅವಧಿ ಮುಗಿದಾಗ ಕೈಯಲ್ಲಿ ಏನೂ ಇರುವುದಿಲ್ಲ. ಭೋಗ್ಯದಾರರು "ದುಡ್ಡು ಕೊಡಿ, ಇವತ್ತೇ ಖಾಲಿ ಮಾಡ್ತೀವಿ" ಅಂದರೆ ತಪ್ಪೇನಿದೆ? ಇಂಥ ಕಡೆ ಎಷ್ಟು ನೋಟಿಸು ಕಳಿಸಿದರೂ ಮಾಲೀಕರಿಗೆ ಮುಖ ಇರುವುದಿಲ್ಲ. ಭೋಗ್ಯದ ದುಡ್ಡು ಸಾಲ ಇದ್ದ ಹಾಗೆ ಅಂತ ಮೊದಲ ದಿನವೇ ತಿಳಿದುಕೊಂಡಿರಬೇಕು.

ಇನ್ನು ಎರಡು ಮಾತು ಊರಲ್ಲೆಲ್ಲ ಓಡಾಡುತ್ತಿರುತ್ತವೆ. ಒಂದು, 12 ವರ್ಷ ಇದ್ದುಬಿಟ್ಟರೆ ಮನೆ ಬಾಡಿಗೆದಾರನದ್ದೇ ಆಗುತ್ತದೆ ಅನ್ನುವುದು. ಆಗುವುದಿಲ್ಲ. ಮಾಲೀಕನ ಒಪ್ಪಿಗೆ ಮೇಲೆ ಬಾಡಿಗೆಗೆ ಒಳಗೆ ಬಂದವರು ಬಾಡಿಗೆದಾರರಾಗಿ ಇರುವಷ್ಟು ಕಾಲ ಮನೆ ನಿಮ್ಮದಲ್ಲ ಅನ್ನುವ ಹಾಗಿಲ್ಲ. 12 ವರ್ಷ ಅನ್ನುವುದು ಕಾಲಮಿತಿ ಕಾಯ್ದೆಯಲ್ಲಿ ಇದೆ. ಆದರೆ ಅದು ಬಾಡಿಗೆ ಸಂಬಂಧ ಮುಗಿದ ದಿನದಿಂದ ಮಾಲೀಕ ದಾವೆ ಹಾಕಲು ಇರುವ ಗಡುವು. ಇನ್ನೊಂದು, 11 ತಿಂಗಳ ಕರಾರು ಬರೆದರೆ 12ನೇ ತಿಂಗಳು ತಾನಾಗೇ ಖಾಲಿ ಮಾಡಿಸಬಹುದು ಅನ್ನುವುದು. ಒಂದು ವರ್ಷ ದಾಟುವ ಕರಾರನ್ನು ನೋಂದಣಿ ಮಾಡಿಸಬೇಕು, ಅದನ್ನು ತಪ್ಪಿಸಲು 11 ಬಂತು, ಅಷ್ಟೇ. ಅವಧಿ ಮುಗಿದ ಮೇಲೆ ನೀವು ಬಾಡಿಗೆ ತೆಗೆದುಕೊಳ್ಳುತ್ತಾ ಹೋದರೆ ಅವರು ತಿಂಗಳ ಬಾಡಿಗೆದಾರರಾಗಿ ಮುಂದುವರಿಯುತ್ತಾರೆ, ಮತ್ತೆ ನೋಟಿಸು ಬೇಕು. ಛಾಪಾ ಕಾಗದದಲ್ಲಿ ಉಳಿಸಲು ಹೋಗಬೇಡಿ. ಮುದ್ರಾಂಕ ಶುಲ್ಕ ಕಮ್ಮಿ ಬಿದ್ದ ಕರಾರನ್ನು ಕೋರ್ಟಿಗೆ ಕೊಟ್ಟರೆ ಕೊರತೆಯ ಹತ್ತು ಪಟ್ಟು ದಂಡ ಕಟ್ಟಬೇಕಾಗಬಹುದು.

2021ರ ಜೂನ್ 2ರಂದು ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಅಡ್ವಾನ್ಸ್ ಇಲ್ಲ. ಅವಧಿ ಮುಗಿದ ಮೇಲೂ ಕೂತರೆ ಮೊದಲ ಎರಡು ತಿಂಗಳು ದುಪ್ಪಟ್ಟು, ಆಮೇಲೆ ನಾಲ್ಕು ಪಟ್ಟು ಬಾಡಿಗೆ. ಬಾಡಿಗೆಗೇ ಬೇರೆ ಕೋರ್ಟು. ಆದರೆ ಅದು ಮಾದರಿ ಮಾತ್ರ, ರಾಜ್ಯಗಳು ತಮ್ಮದಾಗಿ ಮಾಡಿಕೊಳ್ಳಬೇಕು. ನಾವು ಇವತ್ತಿಗೂ ನಡೆಯಬೇಕಾದದ್ದು 1999ರ ಕಾಯ್ದೆ, 1882ರ ಕಾಯ್ದೆ ಇವೆರಡರ ಮೇಲೇ.

ಅಮ್ಮನ ಮನೆಯ ಹಿಂದಿನ ಪೋರ್ಷನ್ನಿನಲ್ಲೂ ಕೆಲವು ವರ್ಷದ ಹಿಂದೆ ಈ ಪ್ರಶ್ನೆ ಬಂತು. ಅಣ್ಣ ವಾಪಸ್ ಊರಿಗೆ ಬರುವವನಿದ್ದ. ಫೆಬ್ರವರಿಯಲ್ಲಿ ನೋಟಿಸು ಕಳಿಸಿದೆವು. ಬಾಡಿಗೆಗೆ ಇದ್ದ ಅಕ್ಕ ಲಕೋಟೆ ಹಿಡಿದುಕೊಂಡೇ ಬಂದರು. "ಮಗಳಿಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ ಅಮ್ಮ, ಮುಗೀಲಿ" ಅಂದರು. ಸರಿ ಅಂದೆವು. ಪರೀಕ್ಷೆ ಮುಗಿದ ಮೇಲೂ ಅವರಿಗೆ ಹೊಂದುವ ಮನೆ ಸಿಗಲಿಲ್ಲ. ಅಷ್ಟರಲ್ಲಿ ಆಷಾಢ ಬಂತು. ಆಷಾಢದಲ್ಲಿ ಯಾರು ಹಾಲು ಉಕ್ಕಿಸುತ್ತಾರೆ ಹೇಳಿ. ಆದರೆ ಈ ಸಲ ಬರೀ ಬಾಯಿಮಾತಿಗೆ ಬಿಡಲಿಲ್ಲ. ನಮ್ಮ ವಕೀಲರು ಹೇಳಿದ ಹಾಗೆ ಒಂದು ಹಾಳೆಯಲ್ಲಿ ಬರೆದೆವು. ನೋಟಿಸು ಹಾಗೇ ಇರುತ್ತದೆ, ಈ ತಿಂಗಳುಗಳಲ್ಲಿ ಕೊಡುವ ಹಣ ಇದ್ದ ದಿನಗಳ ಬಾಬ್ತು, ಶ್ರಾವಣದ ಮೊದಲ ವಾರ ಖಾಲಿ. ಇಬ್ಬರೂ ಸಹಿ ಹಾಕಿದರು.

ಶ್ರಾವಣದ ಮೊದಲ ಶುಕ್ರವಾರ ಬೆಳಿಗ್ಗೆ ಟೆಂಪೋ ಬಂತು. ಅಡ್ವಾನ್ಸಿನಲ್ಲಿ ಕರೆಂಟ್ ಬಿಲ್ ಕಳೆದು ಉಳಿದದ್ದನ್ನು ಅಮ್ಮ ಎಣಿಸಿ ಕೊಟ್ಟರು. ಸುಣ್ಣಬಣ್ಣಕ್ಕೆ ಅಂತ ಏನೂ ಹಿಡಿದುಕೊಳ್ಳಲಿಲ್ಲ. ಮೀಟರ್ ನೋಡಿ ಅದೇ ಹಾಳೆಯ ಹಿಂದೆ ರೀಡಿಂಗ್ ಬರೆದು, ಕೆಳಗೆ "ಎರಡು ಬೀಗದ ಕೈ ಬಂದಿದೆ" ಅಂತ ಬರೆದು ಸಹಿ ಮಾಡಿದರು. ಆ ಹುಡುಗಿ ಗೇಟಿನ ಪಕ್ಕದ ದಾಸವಾಳದ ಒಂದು ಕಡ್ಡಿ ಮುರಿದುಕೊಳ್ಳಲಾ ಅಂತ ಕೇಳಿದಳು. ಅಮ್ಮ ಎರಡು ಕೊಟ್ಟರು.