ನೋವಿಗೊಂದು ಮದ್ದು, ಹೆದರಿಕೆಗೊಂದು ಮದ್ದು

ಮಗುವಿನ ಹುಳುಕು ಹಲ್ಲು ಕೀಳಬೇಕು ಎಂದ ಕೂಡಲೇ ಹೆತ್ತವರು ಕೇಳುವುದು ಹೆಚ್ಚಾಗಿ ಒಂದೇ ಮಾತು: ‘ಇಂಜೆಕ್ಷನ್ ಕೊಡ್ತೀರಾ, ಇಲ್ಲಾ ಪ್ರಜ್ಞೆ ತಪ್ಪಿಸ್ತೀರಾ?’ ಇವೆರಡರ ನಡುವೆ ಇನ್ನೂ ಎರಡು ಮೂರು ಮೆಟ್ಟಿಲುಗಳಿವೆ. ಎಲ್ಲಿ ನಿಲ್ಲಬೇಕು ಎನ್ನುವುದನ್ನು ಅರ್ಧ ಹಲ್ಲು ಹೇಳುತ್ತದೆ, ಉಳಿದರ್ಧ ಮಗುವೇ ಹೇಳುತ್ತದೆ. ಮೊದಲು ತಲೆಯಲ್ಲಿ ಇರಬೇಕಾದ್ದು ಇಷ್ಟು: ನೋವು ಬೇರೆ, ಹೆದರಿಕೆ ಬೇರೆ. ಮರಗಟ್ಟಿಸುವ ಮದ್ದು ನೋವಿಗೆ. ಗ್ಯಾಸ್, ಮಂಪರಿನ ಸಿರಪ್ ಹೆದರಿಕೆಗೆ. ಒಂದರ ಕೆಲಸವನ್ನು ಇನ್ನೊಂದರ ಕೈಲಿ ಮಾಡಿಸಲು ಹೋದಾಗಲೇ ಎಡವಟ್ಟಾಗುವುದು. ಹೆದರಿ ಅಳುತ್ತಿರುವ ಮಗುವಿಗೆ ‘ಜೋಮು ಹಿಡಿದಿಲ್ಲ’ ಎಂದು ಮತ್ತೆ ಮತ್ತೆ ಚುಚ್ಚಿದರೆ ಮದ್ದು ಮಿತಿ ಮೀರುತ್ತದೆ. ನಿಜಕ್ಕೂ ಜೋಮು ಹಿಡಿಯದೆ ಅಳುತ್ತಿರುವ ಮಗುವನ್ನು ‘ಹಠ’ ಎಂದು ಗದರಿ, ಕೈಕಾಲು ಹಿಡಿದು ಕಿತ್ತರೆ ಆ ಮಗು ಮುಂದೆ ವರ್ಷಗಟ್ಟಲೆ ಹಲ್ಲಿನ ಕುರ್ಚಿಯ ಹತ್ತಿರ ಸುಳಿಯುವುದಿಲ್ಲ.

ಬೇರು ಕರಗಿ ಅಲ್ಲಾಡುತ್ತಿರುವ ಹಾಲುಹಲ್ಲಿಗೆ, ಅಂದರೆ ಸಗಣಿ ಉಂಡೆಯಲ್ಲಿಟ್ಟು ಹೆಂಚಿನ ಮೇಲೆ ಎಸೆಯಲು ಮಗುವೇ ಕಾಯುತ್ತಿರುವ ಹಲ್ಲಿಗೆ, ವಸಡಿಗೆ ಹಚ್ಚುವ ಜೆಲ್ ಸಾಕು. ಆದರೆ ಅದನ್ನು ಹಚ್ಚುವುದರಲ್ಲೂ ಕ್ರಮವಿದೆ. ವಸಡನ್ನು ಒಣ ಹತ್ತಿಯಿಂದ ಒರೆಸಿ, ಹೆಸರುಕಾಳಿನಷ್ಟು ಜೆಲ್ ಇಟ್ಟು, ಒಂದರಿಂದ ಎರಡು ನಿಮಿಷ ಹಾಗೇ ಒತ್ತಿ ಹಿಡಿಯಬೇಕು. ಒದ್ದೆ ವಸಡಿಗೆ ಸವರಿದರೆ ಜೊಲ್ಲಿನ ಜೊತೆ ಗಂಟಲಿಗಿಳಿದು, ‘ನುಂಗಕ್ಕೆ ಆಗ್ತಿಲ್ಲ’ ಎಂದು ಮಗು ಗಾಬರಿಯಾಗುತ್ತದೆ. ವಸಡು ಮಾತ್ರ ಮರಗಟ್ಟಿರುವುದಿಲ್ಲ. ಮರಗಟ್ಟಿಸುವ ಮದ್ದಾದ ಲಿಗ್ನೋಕೇನ್‌ನ ಸ್ಪ್ರೇಯನ್ನು ಮಕ್ಕಳ ಬಾಯಿಗೆ ನೇರವಾಗಿ ಹೊಡೆಯುವುದನ್ನು ನಾನಂತೂ ಒಪ್ಪುವುದಿಲ್ಲ. 10% ಸ್ಪ್ರೇಯ ಒಂದು ಒತ್ತಿಗೆ 10 ಮಿಗ್ರಾಂ ಮದ್ದು ಬರುತ್ತದೆ. ನಾಲ್ಕು ಸಲ ಒತ್ತಿದರೆ 2 ಮಿಲಿ ಇಂಜೆಕ್ಷನ್‌ನಲ್ಲಿ ಇರುವಷ್ಟು ಬಾಯಿಗೆ ಬಿದ್ದಂತಾಯಿತು, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಬೆಂಜೊಕೇನ್ ಎಂಬ ಇನ್ನೊಂದು ಮರಗಟ್ಟಿಸುವ ಮದ್ದಿರುವ ಜೆಲ್ ಎರಡು ವರ್ಷದೊಳಗಿನ ಕೂಸಿಗೆ ಬೇಡವೇ ಬೇಡ; ರಕ್ತ ಆಮ್ಲಜನಕ ಹೊರುವ ಶಕ್ತಿ ಕಳೆದುಕೊಂಡು ಮಗು ನೀಲಿಗಟ್ಟುವ ಅಪಾಯ ಅದಕ್ಕಿದೆ.

ಬೇರು ಗಟ್ಟಿಯಾಗಿರುವ ಹಲ್ಲಿಗೆ ಇಂಜೆಕ್ಷನ್ ಬೇಕೇ ಬೇಕು. ನಮ್ಮ ಕ್ಲಿನಿಕ್‌ಗಳಲ್ಲಿ ಸಾಮಾನ್ಯವಾಗಿ ಸಿಗುವುದು 2% ಲಿಗ್ನೋಕೇನ್, ಜೊತೆಗೆ 1:80,000 ಅಥವಾ 1:2,00,000 ಅಡ್ರಿನಲಿನ್ (ರಕ್ತನಾಳ ಬಿಗಿದು ಮದ್ದನ್ನು ಅಲ್ಲೇ ನಿಲ್ಲಿಸುವಂಥದ್ದು). 2% ಎಂದರೆ ಪ್ರತಿ ಮಿಲಿಯಲ್ಲಿ 20 ಮಿಗ್ರಾಂ. ಮಕ್ಕಳಿಗೆ ಕಿಲೋ ತೂಕಕ್ಕೆ 4.4 ಮಿಗ್ರಾಂ ಮೀರದಿರುವುದು ಕ್ಷೇಮ. 14 ಕಿಲೋ ತೂಗುವ ನಾಲ್ಕು ವರ್ಷದ ಮಗುವಿಗೆ ಇದು ಸುಮಾರು 61 ಮಿಗ್ರಾಂ, ಅಂದರೆ ಒಟ್ಟು 3 ಮಿಲಿ. ದೊಡ್ಡವರಿಗೆ ತುಂಬಿಸುವ ಅದೇ 2 ಮಿಲಿ ಸಿರಿಂಜ್ ಕೈಗೆತ್ತಿಕೊಂಡರೆ ಒಂದೂವರೆ ಸಿರಿಂಜಿಗೆ ಲೆಕ್ಕ ಮುಗಿಯಿತು. ನರದ ಹತ್ತಿರವೇ ಮದ್ದು ಬಿಟ್ಟು ಆ ಬದಿಯನ್ನೆಲ್ಲ ಮರಗಟ್ಟಿಸುವ ಇಂಜೆಕ್ಷನ್ನಿಗೆ ಬ್ಲಾಕ್ ಎನ್ನುತ್ತೇವೆ. ಕೆಳದವಡೆಯ ಒಂದು ಬ್ಲಾಕ್‌ಗೆ 1.5 ಮಿಲಿ, ಕೆನ್ನೆ ಬದಿಯ ವಸಡಿಗೆ 0.3 ಮಿಲಿ ಹೋಗುತ್ತದೆ. ಅದು ಹಿಡಿಯಲಿಲ್ಲ ಎಂದು ಮತ್ತೊಂದು ಬ್ಲಾಕ್ ಕೊಟ್ಟರೆ ಅಲ್ಲಿಗೇ ಮಿತಿ ದಾಟಿತು. ‘ಬಂದಿದ್ದೀವಿ, ಮೇಲಿನ ಎರಡನ್ನೂ ತೆಗೆದುಬಿಡಿ ಡಾಕ್ಟ್ರೇ’ ಎಂಬ ಒತ್ತಾಯಕ್ಕೆ ಮಣಿಯುವ ಮೊದಲು ಈ ಕೂಡಿಕೆಯನ್ನು ಚೀಟಿಯ ಮೇಲೆ ಬರೆದುಕೊಳ್ಳಬೇಕು. ಕುರ್ಚಿ ಹತ್ತಿಸುವ ಮುಂಚೆ ತೂಕ ನೋಡದ ಕ್ಲಿನಿಕ್‌ನಲ್ಲಿ, ‘ತೂಕ ನೋಡಲ್ವಾ?’ ಎಂದು ಕೇಳುವುದು ಅಧಿಕಪ್ರಸಂಗವಲ್ಲ.

ಆರ್ಟಿಕೇನ್ ಎಂಬ ಇನ್ನೊಂದು ಮದ್ದು 4%ದ್ದು, ಮಿಲಿಗೆ 40 ಮಿಗ್ರಾಂ. ಮೂಳೆಯೊಳಗೆ ಚೆನ್ನಾಗಿ ಇಳಿಯುವುದರಿಂದ ಕೆಳಗಿನ ಹಾಲು ದವಡೆ ಹಲ್ಲನ್ನೂ ಎಷ್ಟೋ ಸಲ ಬ್ಲಾಕ್ ಇಲ್ಲದೆ, ಪಕ್ಕದ ವಸಡಿಗಷ್ಟೇ ಕೊಟ್ಟು ತೆಗೆಯಬಹುದು. ಆದರೆ ನಾಲ್ಕು ವರ್ಷದೊಳಗಿನವರಿಗೆ ಶಿಫಾರಸಿಲ್ಲ. ಇದರ ಮಿತಿ ಕಿಲೋಗೆ 7 ಮಿಗ್ರಾಂ ಎಂದು ಕೇಳಿದಾಗ ಹೆಚ್ಚು ಕೊಡಬಹುದೇನೋ ಅನ್ನಿಸುತ್ತದೆ. ಸಾಂದ್ರತೆ ಇಮ್ಮಡಿ ಇರುವುದರಿಂದ ಮಿಲಿ ಲೆಕ್ಕದಲ್ಲಿ ಕೊಡಬಹುದಾದ್ದು ಲಿಗ್ನೋಕೇನ್‌ಗಿಂತ ಕಡಿಮೆಯೇ.

ಮೇಲ್ದವಡೆಯ ಮೂಳೆ ತೆಳು, ಜರಡಿಯಂತಿರುತ್ತದೆ. ಹಲ್ಲಿನ ಪಕ್ಕ 0.5ರಿಂದ 1 ಮಿಲಿ ಕೊಟ್ಟರೆ ಎರಡು ಮೂರು ನಿಮಿಷದಲ್ಲಿ ಹಿಡಿಯುತ್ತದೆ. ಅಲ್ಲಿ ಪ್ರಾಣ ತಿನ್ನುವುದು ಅಂಗುಳ. ಅಂಗುಳದ ಚರ್ಮ ಮೂಳೆಗೆ ಬಿಗಿದುಕೊಂಡಿರುವುದರಿಂದ ನೇರ ಚುಚ್ಚಿದರೆ ದೊಡ್ಡವರೇ ಎದ್ದು ಕೂರುತ್ತಾರೆ. ದಾರಿ ಬೇರೆ ಇದೆ: ಹೊರಬದಿ ಮರಗಟ್ಟಿದ ಮೇಲೆ, ಎರಡು ಹಲ್ಲುಗಳ ನಡುವಿನ ವಸಡಿನ ಮೊನೆಯ ಮೂಲಕ ಸೂಜಿಯನ್ನು ಅಡ್ಡಡ್ಡಲಾಗಿ, ತೀರಾ ನಿಧಾನ ಹನಿ ಬಿಡುತ್ತ ತಳ್ಳಬೇಕು. ಒಳಬದಿಯ ವಸಡು ಬೆಳ್ಳಗಾಗುವುದು ಕಣ್ಣಿಗೆ ಕಾಣುತ್ತದೆ. ಆ ಬೆಳ್ಳಗಾದ ಜಾಗಕ್ಕೆ ಆಮೇಲೆ 0.2 ಮಿಲಿ ಕೊಟ್ಟರೆ ಮಗುವಿಗೆ ಗೊತ್ತೇ ಆಗುವುದಿಲ್ಲ.

ಕೆಳದವಡೆಯ ಬ್ಲಾಕ್ ತಪ್ಪಲು ದೊಡ್ಡ ಕಾರಣವೆಂದರೆ ಕೈ ದೊಡ್ಡವರ ಎತ್ತರಕ್ಕೆ ಒಗ್ಗಿಹೋಗಿರುವುದು. ನರ ದವಡೆಯೊಳಗೆ ಹೋಗುವ ರಂಧ್ರ ಹಾಲುಹಲ್ಲಿನ ಮಗುವಿನಲ್ಲಿ ಹಲ್ಲುಗಳ ಕಚ್ಚುವ ಮಟ್ಟದಿಂದ ಕೆಳಗೇ ಇರುತ್ತದೆ, ವಯಸ್ಸಾದಂತೆ ಮೇಲೇರುತ್ತದೆ. ದೊಡ್ಡವರಿಗೆ ಚುಚ್ಚುವ ಎತ್ತರದಲ್ಲೇ ಚುಚ್ಚಿದರೆ ಮದ್ದು ನರದ ಮೇಲ್ಗಡೆ ಚೆಲ್ಲಿಹೋಗುತ್ತದೆ. ಸಿರಿಂಜನ್ನು ಎದುರು ಬದಿಯ ಹಾಲು ದವಡೆ ಹಲ್ಲುಗಳ ಮೇಲಿರಿಸಿ, ಸೂಜಿಯನ್ನು ಕೆಳಮಟ್ಟದಲ್ಲಿ ಒಯ್ದು, ಪಿಸ್ಟನ್ ಹಿಂದಕ್ಕೆಳೆದು ರಕ್ತ ಬರುತ್ತಿಲ್ಲ ಎಂದು ನೋಡಿಕೊಂಡು, ನಿಮಿಷಕ್ಕೆ 1 ಮಿಲಿಗಿಂತ ವೇಗವಾಗದಂತೆ ಬಿಡಬೇಕು. ಸೂಜಿಯನ್ನು ಬುಡದವರೆಗೆ ಹೂಳಬಾರದು. ಮಗು ತಲೆ ಕೊಡವಿದರೆ ಅದು ಮುರಿಯುವುದು ಬುಡದಲ್ಲೇ.

ಜೋಮು ಹಿಡಿದಿದೆಯೇ ಎಂದು ಮಗುವನ್ನು ಕೇಳಿ ಪ್ರಯೋಜನವಿಲ್ಲ. ಐದು ವರ್ಷದ ಮಗುವಿಗೆ ಒತ್ತಡವೂ ನೋವೂ ಒಂದೇ, ಹೆದರಿದವರು ಯಾವುದಕ್ಕೂ ‘ಹೂಂ’ ಅನ್ನುತ್ತಾರೆ. ಚೂಪಾದ ಸಲಕರಣೆಯಿಂದ ಮೊದಲು ಹೊರವಸಡು, ಆಮೇಲೆ ಒಳವಸಡನ್ನು ಒತ್ತಿ ಕಣ್ಣನ್ನು ನೋಡಬೇಕು. ರೆಪ್ಪೆ ಬಿಗಿಯಾಯಿತೆಂದರೆ ಹಿಡಿದಿಲ್ಲ ಎಂದೇ ಅರ್ಥ, ಬಾಯಿ ಏನೇ ಹೇಳಲಿ. ‘ಈಗ ನೂಕಿದ ಹಾಗೆ, ಕಟಕಟ ಅಂದ ಹಾಗೆ ಆಗುತ್ತೆ’ ಎಂದು ಮುಂಚೆಯೇ ಹೇಳಿದ್ದರೆ ಒತ್ತಡಕ್ಕೆ ಮಗು ಬೆಚ್ಚುವುದಿಲ್ಲ. ಮನೆಯಲ್ಲಿ ‘ಸೂಜಿ ಹಾಕೋದೇ ಇಲ್ಲ’ ಎಂದು ಸುಳ್ಳು ಹೇಳಿ ಕರೆತರುವುದು, ‘ಊಟ ಮಾಡದಿದ್ರೆ ಡಾಕ್ಟ್ರು ಚುಚ್ತಾರೆ ನೋಡು’ ಎಂದು ಗುಮ್ಮ ತೋರಿಸುವುದು, ಎರಡೂ ನಮ್ಮ ಕೆಲಸವನ್ನು ಇಮ್ಮಡಿ ಮಾಡುತ್ತವೆ. ಅಂದಹಾಗೆ ಇಂಜೆಕ್ಷನ್ ಒಂದರಲ್ಲೇ ಮುಗಿಯುವ ಕೆಲಸಕ್ಕೆ ಉಪವಾಸ ಬೇಡ. ಎರಡು ಇಡ್ಲಿ ತಿನ್ನಿಸಿಯೇ ಕರೆತನ್ನಿ. ಹಸಿದ ಮಗು ಬೇಗ ತಲೆಸುತ್ತಿ ಬೀಳುತ್ತದೆ.

ಕೀವು ತುಂಬಿದ ಹಲ್ಲಿಗೆ ಇಂಜೆಕ್ಷನ್ ಸರಿಯಾಗಿ ಹಿಡಿಯದಿರುವುದು ವೈದ್ಯರ ಕೈಗುಣದ ಮಾತಲ್ಲ. ಮದ್ದು ನರದ ಪೊರೆ ದಾಟಬೇಕಾದರೆ ವಿದ್ಯುದಂಶವಿಲ್ಲದ ರೂಪದಲ್ಲಿರಬೇಕು. ಸೋಂಕಿನ ಜಾಗ ಆಮ್ಲೀಯ. ಅಲ್ಲಿ ಆ ರೂಪದ ಪಾಲು ಇಳಿದುಹೋಗುತ್ತದೆ. ಬಾವಿನೊಳಕ್ಕೇ ಇನ್ನಷ್ಟು ಸುರಿಯುವ ಬದಲು ದೂರದಿಂದ ಬ್ಲಾಕ್ ಕೊಡುವುದು, ಇಲ್ಲವೇ ಮೊದಲು ಕೀವು ಹೊರಬಿಟ್ಟು ಒಂದೆರಡು ದಿನ ಬಿಟ್ಟು ಕೀಳುವುದು ಸರಿ. ಜ್ವರವಿದ್ದು, ಬಾಯಿ ತೆರೆಯಲಾಗದೆ, ಬಾವು ದವಡೆಯಂಚು ದಾಟಿ ಕುತ್ತಿಗೆಗಿಳಿಯುತ್ತಿದ್ದರೆ ಕ್ಲಿನಿಕ್ ಬಿಟ್ಟು ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಇನ್ನು ಹೆದರಿಕೆಯ ಮದ್ದು. ಲಾಫಿಂಗ್ ಗ್ಯಾಸ್ ಎನ್ನುವ ನೈಟ್ರಸ್ ಆಕ್ಸೈಡ್ ಹಳೆಯದು: ಅಮೆರಿಕದ ಹಲ್ಲಿನ ವೈದ್ಯ ಹೊರೇಸ್ ವೆಲ್ಸ್ 1844ರ ಡಿಸೆಂಬರ್‌ನಲ್ಲಿ ಇದನ್ನು ಸೇದಿ ತನ್ನದೇ ಹಲ್ಲು ಕೀಳಿಸಿಕೊಂಡ. ಮರುವರ್ಷ ಬಾಸ್ಟನ್‌ನಲ್ಲಿ ಎಲ್ಲರೆದುರು ತೋರಿಸಲು ಹೋದಾಗ ರೋಗಿ ಕೂಗಿಕೊಂಡ. ಇಂದು ನಾವು ಮಕ್ಕಳಿಗೆ ಕೊಡುವ 30ರಿಂದ 50% ಪ್ರಮಾಣವಂತೂ ಹಲ್ಲು ಕೀಳುವ ನೋವನ್ನು ಖಂಡಿತ ತಡೆಯದು. ಮನಸ್ಸನ್ನು ಹಗುರ ಮಾಡಿ ಇಂಜೆಕ್ಷನ್‌ಗೆ ದಾರಿ ಬಿಡುತ್ತದೆ, ಅಷ್ಟೇ. ಮೊದಲು ಬರೀ ಆಮ್ಲಜನಕ, ಆಮೇಲೆ 10%ರಂತೆ ಗ್ಯಾಸ್ ಏರಿಸುತ್ತ ಹೋಗಿ, ಕೈಬೆರಳು ಸಡಿಲವಾಗಿ ಕಣ್ಣು ತೇಲಿದಾಗ ನಿಲ್ಲಿಸಬೇಕು. ಮುಗಿದ ಮೇಲೆ ಐದು ನಿಮಿಷ ಮತ್ತೆ ಬರೀ ಆಮ್ಲಜನಕ. ಮಗು ಮೂಗಿನಿಂದಲೇ ಉಸಿರಾಡಬೇಕು, ಹೇಳಿದ್ದು ಕೇಳಬೇಕು. ನೆಗಡಿಯಾಗಿ ಮೂಗು ಕಟ್ಟಿದವರಿಗೂ ಮಾಸ್ಕ್ ಕಂಡರೇ ಕಿರುಚುವ ಎರಡು ವರ್ಷದವರಿಗೂ ಇದು ಆಗಿಬರದು. ಆರೇಳು ವರ್ಷದ, ಅಂಜುಬುರುಕ ಆದರೆ ಮಾತು ಕೇಳುವ ಮಗುವಿಗೆ ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ.

ಮಂಪರು ತರಿಸುವ ಮಿಡಾಜೋಲಮ್ ಸಿರಪ್ ಹಾಗಲ್ಲ. ಕಿಲೋಗೆ 0.5 ಮಿಗ್ರಾಂನಂತೆ ಕುಡಿಸಿದರೆ ಸುಮಾರು 20 ನಿಮಿಷದಲ್ಲಿ ಮಂಪರು, ಆಮೇಲೆ ಅರ್ಧ ಗಂಟೆಯಷ್ಟು ಕೆಲಸದ ಸಮಯ. ಕೆಲವು ಮಕ್ಕಳು ಇದಕ್ಕೆ ಉಲ್ಟಾ ಹೊಡೆದು ರಂಪ ಮಾಡುತ್ತಾರೆ. ಆಗ ಇನ್ನಷ್ಟು ಕುಡಿಸುವುದಲ್ಲ, ಅಂದಿಗೆ ಕೆಲಸ ಬಿಡುವುದು. ನನಗೆ ಹೆಚ್ಚು ಭಯವಿರುವುದು ಕೀಳುವ ಗಳಿಗೆಯಲ್ಲಿ. ಕೆಳ ಹಲ್ಲು ಕೀಳುವಾಗ ನಮ್ಮ ಕೈ ದವಡೆಯನ್ನು ಕೆಳಕ್ಕೆ, ಹಿಂದಕ್ಕೆ ಒತ್ತುತ್ತದೆ. ಮಂಪರಿನಲ್ಲಿ ಸಡಿಲವಾದ ನಾಲಿಗೆ ಹಿಂದೆ ಸರಿದು ಉಸಿರ ದಾರಿ ಮುಚ್ಚುತ್ತದೆ. ಬೆರಳಿಗೆ ಸಿಕ್ಕಿಸಿದ ಆಕ್ಸಿಮೀಟರ್ ಅದನ್ನು ತಡವಾಗಿ ಹೇಳುತ್ತದೆ. ಆದ್ದರಿಂದ ಕೀಳುವವರಲ್ಲದೆ, ಉಸಿರನ್ನಷ್ಟೇ ನೋಡುತ್ತ ಗದ್ದ ಎತ್ತಿ ಹಿಡಿಯುವ ತರಬೇತಾದ ಇನ್ನೊಬ್ಬರು ಇರಲೇಬೇಕು. ಮಂಪರು ಇಳಿಸುವ ಫ್ಲುಮಾಜೆನಿಲ್, ಆಮ್ಲಜನಕ, ಕೈಯಿಂದ ಒತ್ತಿ ಉಸಿರು ಕೊಡುವ ಅಂಬು ಬ್ಯಾಗ್ ಕೈಗೆಟುಕಬೇಕು. ಮಂಪರಿನ ಸಿರಪ್ಪನ್ನು ಮನೆಯಲ್ಲೇ ಕುಡಿಸಿ ಕರೆತರಲು ಯಾರಾದರೂ ಹೇಳಿದರೆ ಒಪ್ಪಬೇಡಿ. ಸ್ಕೂಟರಿನಲ್ಲಿ ಅಪ್ಪ ಅಮ್ಮನ ನಡುವೆ ತೂಕಡಿಸುವ ಮಗುವಿನ ಗದ್ದ ಎದೆಗೆ ಬಿದ್ದಾಗಲೂ ಆಗುವುದು ಅದೇ. ಮಂಪರಿನ ಮಗುವಿಗೆ ಲಿಗ್ನೋಕೇನ್ ಮಿತಿಯನ್ನು ಇನ್ನೂ ಕೆಳಗಿಡಬೇಕು. ಮದ್ದು ಹೆಚ್ಚಾದಾಗ ಮೊದಲು ಕಾಣುವ ಬಾಯಿ ಸುತ್ತಲಿನ ಚುಮುಚುಮು, ಚಡಪಡಿಕೆಗಳು ಮಂಪರಿನಲ್ಲಿ ಮರೆಯಾಗಿ, ಸೆಳವೇ ಮೊದಲ ಸೂಚನೆಯಾದೀತು.

ಪೂರ್ಣ ಅರಿವಳಿಕೆ ಬೇಕಾಗುವುದು ಮೂರು ವರ್ಷದೊಳಗೆ ಹಾಲಿನ ಬಾಟಲಿಯಿಂದ ಎಂಟು ಹತ್ತು ಹಲ್ಲು ಹುಳುಕಾದವರಿಗೆ, ಬೆಳವಣಿಗೆಯ ಅಥವಾ ವರ್ತನೆಯ ತೊಡಕಿನಿಂದ ಕುರ್ಚಿಯಲ್ಲಿ ಕೂರಲಾಗದವರಿಗೆ, ಬಾವು ಹಬ್ಬಿದವರಿಗೆ. ಒಂದೇ ಹಲ್ಲಿಗೆ, ‘ಒಂದೇ ಸಲ ಮುಗಿಯಲಿ’ ಎನ್ನುವ ಅವಸರಕ್ಕೆ ಅಲ್ಲ. ಹುಳುಕು ಆಳವಿಲ್ಲದಿದ್ದರೆ 38% ಸಿಲ್ವರ್ ಡೈಯಮೀನ್ ಫ್ಲೋರೈಡ್ ಹಚ್ಚಿ ಅದನ್ನು ತಡೆದು, ಮಗು ಕುರ್ಚಿಗೆ ಒಗ್ಗುವವರೆಗೆ ಕಾಲ ತಳ್ಳಬಹುದು. ಹಲ್ಲು ಕಪ್ಪಾಗುತ್ತದೆ ನಿಜ. ಪೂರ್ಣ ಅರಿವಳಿಕೆ ಕೊಡುವುದೇ ಆದರೆ ಆಸ್ಪತ್ರೆಯಲ್ಲಿ, ಅರಿವಳಿಕೆ ತಜ್ಞರ ಕೈಲೇ ಆಗಬೇಕು. ಬ್ರಿಟನ್ 2001ರ ಕೊನೆಯಲ್ಲಿ ಇದನ್ನು ಹಲ್ಲಿನ ಕ್ಲಿನಿಕ್‌ಗಳಿಂದ ಆಸ್ಪತ್ರೆಗೆ ಸೀಮಿತಗೊಳಿಸಿದ್ದು ಕುರ್ಚಿಯಲ್ಲೇ ಮಕ್ಕಳು ಜೀವ ಕಳೆದುಕೊಂಡ ಮೇಲೆ.

ಪೂರ್ಣ ಅರಿವಳಿಕೆಗೆ ಮುಂಚಿನ ಉಪವಾಸದ ಲೆಕ್ಕ 6-4-2: ಊಟ ತಿಂಡಿಗೆ ಆರು ಗಂಟೆ, ಎದೆಹಾಲಿಗೆ ನಾಲ್ಕು, ನೀರಿಗೆ ಎರಡು. ಇಲ್ಲಿ ಎಡವುವುದು ‘ಒಂದು ಲೋಟ ಹಾಲು ತಾನೇ’ ಎನ್ನುವಲ್ಲಿ. ಹಸುವಿನ ಹಾಲು, ರಾಗಿ ಗಂಜಿ ಎರಡೂ ಹೊಟ್ಟೆಯಲ್ಲಿ ಊಟದ ಲೆಕ್ಕವೇ. ಅಜ್ಜಿ ಕದ್ದು ಕೊಟ್ಟ ಬಿಸ್ಕತ್ತನ್ನು ಮುಚ್ಚಿಡಬೇಡಿ, ಸರದಿ ಮುಂದೆ ಹೋಗುತ್ತದೆ ಅಷ್ಟೇ. ಕೆಮ್ಮು ನೆಗಡಿ ಇದ್ದರೆ ಎರಡರಿಂದ ನಾಲ್ಕು ವಾರ ಮುಂದೂಡುವುದು, ಬೇರೆ ಹಲ್ಲು ಅಲ್ಲಾಡುತ್ತಿದ್ದರೆ ಹೇಳುವುದು ಕೂಡ ಇದರ ಭಾಗ. ‘ನೀವು ಯಾವ ಸಮುದಾಯ?’ ಎಂದು ಅರಿವಳಿಕೆ ತಜ್ಞರು ಕೇಳಿದರೆ ಮುಖ ಸಿಂಡರಿಸಬೇಡಿ. ಆರ್ಯವೈಶ್ಯ ಮನೆತನಗಳಲ್ಲಿ ಸಕ್ಸಿನೈಲ್‌ಕೋಲಿನ್ ಎಂಬ ಸ್ನಾಯು ಸಡಿಲಿಸುವ ಮದ್ದನ್ನು ಕರಗಿಸುವ ಕಿಣ್ವದ ಕೊರತೆ ಉಳಿದವರಿಗಿಂತ ಹೆಚ್ಚು. ನಿಮಿಷಗಳಲ್ಲಿ ಮರಳಬೇಕಾದ ಉಸಿರು ಗಂಟೆಗಟ್ಟಲೆ ಮರಳದೆ ಹೋಗಬಹುದು. ಚಾಮರಾಜನಗರ, ಎಚ್.ಡಿ. ಕೋಟೆ ಕಡೆಯ ಬುಡಕಟ್ಟು ಮಕ್ಕಳಲ್ಲಿ ಕುಡಗೋಲು ಕಣ ರೋಗ (ಸಿಕಲ್ ಸೆಲ್ ಎಂಬ ರಕ್ತದ ಕಾಯಿಲೆ) ಇದೆಯೇ ಎಂದು ಮೊದಲೇ ರಕ್ತ ನೋಡುವುದೂ ಇಂಥದ್ದೇ ಎಚ್ಚರ.

ಯಾವ ದಾರಿ ಹಿಡಿದರೂ ವಸಡಿಗೆ ಲಿಗ್ನೋಕೇನ್ ಬಿದ್ದಿದ್ದರೆ ಮನೆಯ ಪಾಠ ಒಂದೇ. ಹಲ್ಲು ಕಿತ್ತ ಜಾಗ ಮರೆತರೂ ತುಟಿಯನ್ನು ಮರೆಯಬೇಡಿ. ತುಟಿ, ನಾಲಿಗೆಯ ಜೋಮು ಎರಡು ಮೂರು ಗಂಟೆ, ಕೆಲವೊಮ್ಮೆ ಇನ್ನೂ ಹೆಚ್ಚು ಇರುತ್ತದೆ. ದಪ್ಪಗೆ ಅನ್ನಿಸುವ ಆ ತುಟಿಯನ್ನು ಚೂಯಿಂಗ್ ಗಮ್‌ನಂತೆ ಅಗಿಯುವುದು ಮಕ್ಕಳಿಗೊಂದು ಆಟ. ಅಷ್ಟು ಹೊತ್ತು ತಿನ್ನಲು ಕೊಡದೆ, ಹಲ್ಲುಗಳ ನಡುವೆ ಹತ್ತಿಯ ಸುರುಳಿ ಇಟ್ಟು, ಮಲಗಲು ಬಿಡದೆ ಕಣ್ಣಿಟ್ಟಿರಿ. ಹಾಗೂ ಕಚ್ಚಿಕೊಂಡರೆ ಮರುದಿನ ತುಟಿ ಊದಿ, ಮೇಲೆ ಹಳದಿ ಬಿಳುಪಿನ ಪದರ ಕಟ್ಟುತ್ತದೆ. ಅದು ಕೀವಲ್ಲ, ಗಾಯ ಮಾಗುವ ಬಗೆ. ಕೆರೆದು ತೆಗೆಯುವುದೂ ಬೇಡ, ಆ್ಯಂಟಿಬಯೋಟಿಕ್ಕೂ ಬೇಡ. ತುಟಿಗೆ ವ್ಯಾಸಲೀನ್ ಸವರಿ, ಖಾರ ತಪ್ಪಿಸಿದರೆ ವಾರ ಹತ್ತು ದಿನದಲ್ಲಿ ಮಾಯುತ್ತದೆ.