ಜೀವವಿಲ್ಲದ ದ್ರಾವಣ, ಜೀವದಂಥ ಅಲೆ

1950ರ ದಶಕದ ಆರಂಭದಲ್ಲಿ ಮಾಸ್ಕೋದ ರಸಾಯನಶಾಸ್ತ್ರಜ್ಞ ಬೋರಿಸ್ ಬೆಲೊಸೊವ್ ಸಿಟ್ರಿಕ್ ಆಮ್ಲ, ಬ್ರೋಮೇಟ್ ಎಂಬ ಲವಣ, ಸೀರಿಯಂ ಎಂಬ ಲೋಹದ ಸ್ವಲ್ಪ ಲವಣ ಬೆರೆಸಿ ಒಂದು ದ್ರಾವಣ ಮಾಡಿದರು. ಜೀವಕೋಶ ಆಹಾರದಿಂದ ಶಕ್ತಿ ಪಡೆಯುವ ಬಗೆಯನ್ನು ಗಾಜಿನ ಪಾತ್ರೆಯಲ್ಲೇ ಸರಳವಾಗಿ ಮಾಡಿ ನೋಡುವ ಆಸೆ ಅವರದು. ದ್ರಾವಣ ಹಳದಿಯಾಯಿತು. ಬಣ್ಣ ಹೋಯಿತು. ಮತ್ತೆ ಹಳದಿಯಾಯಿತು. ಯಾರೂ ಮುಟ್ಟದಿದ್ದರೂ ಹೀಗೇ ನಡೆಯುತ್ತಿತ್ತು.

ವಿಜ್ಞಾನ ಪತ್ರಿಕೆಗಳು ಇದನ್ನು ನಂಬಲಿಲ್ಲ. ರಾಸಾಯನಿಕ ಕ್ರಿಯೆ ಒಂದೇ ದಿಕ್ಕಿನಲ್ಲಿ ಸಾಗಿ ನಿಲ್ಲಬೇಕು, ಓಲಾಡುವುದು ಸಾಧ್ಯವೇ ಇಲ್ಲ ಎಂಬುದು ಆಗಿನ ನಂಬಿಕೆ. ಆದರೆ ಅದು ಕ್ರಿಯೆ ಕೊನೆಗೆ ಸಮತೋಲಕ್ಕೆ ಬಂದು ನಿಲ್ಲುತ್ತದೆ ಎಂಬ ನಿಯಮವನ್ನೇ ತಪ್ಪಾಗಿ ಓದಿದ್ದು. ದ್ರಾವಣ ಕೊನೆಗೆ ಬದಲಾಗದೆ ನಿಂತೇ ನಿಲ್ಲುತ್ತದೆ. ಅಲ್ಲಿಗೆ ಹೋಗುವ ದಾರಿಯಲ್ಲಿ ಕೆಲವು ವಸ್ತುಗಳು ಏರಿಳಿದರೆ ಯಾವ ನಿಯಮವೂ ಮುರಿಯುವುದಿಲ್ಲ. ಇಂಥ ದೊಡ್ಡ ಶೋಧ 1959ರಲ್ಲಿ ಹೆಚ್ಚು ಜನ ಓದದ ಒಂದು ಸಂಗ್ರಹದಲ್ಲಿ ಸಣ್ಣ ಟಿಪ್ಪಣಿಯಾಗಿ ಅಚ್ಚಾಯಿತು. ನೆನೆದರೆ ಈಗಲೂ ಸಂಕಟವಾಗುತ್ತದೆ.

ಮುಂದೆ ರಷ್ಯಾದ ಇನ್ನೊಬ್ಬ ವಿಜ್ಞಾನಿ ಅನಟೋಲಿ ಝಬೊಟಿನ್‌ಸ್ಕಿ ಆ ಕೆಲಸ ಮುಂದುವರಿಸಿದರು. ಕೆಂಪು–ನೀಲಿ ಬಣ್ಣ ತೋರಿಸುವ ಫೆರೋಯಿನ್ ಎಂಬ ವಸ್ತು ಬೆರೆಸಿ, ದ್ರಾವಣವನ್ನು ತಟ್ಟೆಯಲ್ಲಿ ತೆಳ್ಳಗೆ ಹರಡಿದರೆ ನಿಜವಾದ ಸೊಗಸು ಕಾಣುತ್ತದೆ. ಕೆಂಪಿನ ನಡುವೆ ಒಂದು ನೀಲಿ ಚುಕ್ಕೆ. ಅದು ಉಂಗುರವಾಗಿ ಹಿಗ್ಗುತ್ತದೆ. ಒಳಗೆ ಇನ್ನೊಂದು ಉಂಗುರ, ಅದರೊಳಗೆ ಮತ್ತೊಂದು. ಕೆರೆಗೆ ಕಲ್ಲು ಹಾಕಿದಾಗ ಏಳುವ ಅಲೆಗಳು ಒಂದನ್ನೊಂದು ದಾಟಿ ಹೋಗುತ್ತವೆ, ಅಲ್ವಾ? ಇವು ಹಾಗಲ್ಲ. ಎರಡು ಅಲೆ ಎದುರಾದರೆ ಎರಡೂ ಅಲ್ಲೇ ಅಳಿಸಿಹೋಗುತ್ತವೆ.

ಕಾರಣ ಹೀಗಿದೆ. ದ್ರಾವಣದಲ್ಲಿ ಒಂದು ವಸ್ತು ತನ್ನನ್ನೇ ಇನ್ನೂ ಜಾಸ್ತಿ ಮಾಡಿಕೊಳ್ಳುತ್ತದೆ, ಪಕ್ಕಕ್ಕೂ ಹರಡಿ ಅಲ್ಲಿಯೂ ಅದನ್ನೇ ಶುರು ಮಾಡುತ್ತದೆ. ಬೆನ್ನಿಗೇ ಅದನ್ನು ತಡೆಯುವ ಬ್ರೋಮೈಡ್ ಹುಟ್ಟುತ್ತದೆ. ಅಲೆ ಹಾದುಹೋದ ಜಾಗ ಸ್ವಲ್ಪ ಹೊತ್ತು ಸುಸ್ತಾಗಿರುತ್ತದೆ, ಮತ್ತೆ ಅಲೆ ಏಳುವುದಿಲ್ಲ. ಉಂಗುರವನ್ನು ಎಲ್ಲಾದರೂ ಕತ್ತರಿಸಿದರೆ ತುದಿಗಳು ಬಾಗಿ ಸುರುಳಿಯಾಗಿ ತಿರುಗತೊಡಗುತ್ತವೆ.

ಇದೇ ಸುರುಳಿ ಮಣ್ಣಿನಲ್ಲಿರುವ ಡಿಕ್ಟಿಯೋಸ್ಟೀಲಿಯಂ ಎಂಬ ಅಮೀಬಾಗಳಲ್ಲೂ ಕಾಣುತ್ತದೆ. ತಿನ್ನಲು ಬ್ಯಾಕ್ಟೀರಿಯಾ ಸಿಗದಾಗ ಒಂದು ಅಮೀಬಾ ರಾಸಾಯನಿಕ ಸಂಕೇತ ಬಿಡುತ್ತದೆ. ಪಕ್ಕದ್ದು ಅದನ್ನು ಗುರುತಿಸಿ ತಾನೂ ಬಿಡುತ್ತದೆ, ಆಮೇಲೆ ಕೆಲವು ನಿಮಿಷ ಸುಮ್ಮನಿರುತ್ತದೆ. ಅಲೆ ಬಂದ ಕಡೆಗೆ ಸಾವಿರಾರು ಅಮೀಬಾಗಳು ಹರಿದು ಬಂದು ಒಂದೇ ದೇಹದಂತೆ ಚಲಿಸುತ್ತವೆ. ಇಲ್ಲಿ ನಾಯಕನೂ ಇಲ್ಲ, ನಕ್ಷೆಯೂ ಇಲ್ಲ.

ತಟ್ಟೆಯ ದ್ರಾವಣಕ್ಕೆ ಜೀವವಿದೆ ಎಂದು ನಾನು ಹೇಳುತ್ತಿಲ್ಲ. ಅದು ತನ್ನನ್ನು ತಾನು ದುರಸ್ತಿ ಮಾಡಿಕೊಳ್ಳುವುದಿಲ್ಲ, ಮರಿ ಹಾಕುವುದಿಲ್ಲ. ಆದರೆ ಕೆರಳು, ದಾಟಿಸು, ವಿರಮಿಸು ಎಂಬ ಕಟ್ಟಳೆ ಎರಡು ಕಡೆಯೂ ಒಂದೇ.

ನಮ್ಮ ಹೃದಯದ ಸ್ನಾಯುವಿಗೂ ಅದೇ ಕಟ್ಟಳೆ. ಅಲ್ಲಿ ಓಡುವುದು ವಿದ್ಯುತ್ತಿನ ಅಲೆ. ಅದು ತುಂಡಾಗಿ ಸುರುಳಿ ಸುತ್ತತೊಡಗಿದರೆ, ಸುರುಳಿ ಒಡೆದು ಹಲವಾದರೆ, ಹೃದಯ ಬಡಿಯುವ ಬದಲು ಬರೀ ಅದುರುತ್ತದೆ, ರಕ್ತ ಮುಂದೆ ಹೋಗುವುದಿಲ್ಲ. ಆಗ ವೈದ್ಯರು ಎದೆಗೆ ವಿದ್ಯುತ್ ಶಾಕ್ ಕೊಡುತ್ತಾರೆ. ಸ್ನಾಯುವಿನ ಹೆಚ್ಚಿನ ಭಾಗ ಒಟ್ಟಿಗೇ ಕೆರಳಿ, ಒಟ್ಟಿಗೇ ವಿರಾಮಕ್ಕೆ ಹೋಗುತ್ತದೆ. ಸುರುಳಿಗೆ ಮುಂದೆ ಹೋಗಲು ಜಾಗವೇ ಉಳಿಯುವುದಿಲ್ಲ.