ಊತ ಇಳಿದರೆ ಉಳುಕು ವಾಸಿಯಾದಂತಲ್ಲ

ಮಧುಗಿರಿ, ಶಿರಾ, ಕೊರಟಗೆರೆ ಸುತ್ತಿನ ಊರುಗಳ ಹೊನಲು ಬೆಳಕಿನ ಕಬಡ್ಡಿಯಲ್ಲಿ ಕಾಲಿಗೆ ಪಟ್ಟಿ ಸುತ್ತಿಕೊಂಡೇ ಅಂಕಣಕ್ಕಿಳಿಯುವ ಹುಡುಗರು ಸಾಮಾನ್ಯ. ಕೇಳಿದರೆ 'ಹಳೇ ಉಳುಕು ಸಾರ್' ಎನ್ನುತ್ತಾರೆ. ಒಮ್ಮೆ ಉಳುಕಿದ ಕಾಲು ಮತ್ತೆ ಮತ್ತೆ ಉಳುಕುವುದು ಹಣೆಬರಹವಲ್ಲ, ಅರ್ಧಕ್ಕೆ ಬಿಟ್ಟ ಚಿಕಿತ್ಸೆಯ ಫಲ.

ರೈಡರ್ ತಿರುಗುವಾಗಲೋ ನೆಗೆದು ಇಳಿಯುವಾಗಲೋ ಪಾದ ಒಳಮುಖವಾಗಿ ಮಗುಚುತ್ತದೆ. ಆಗ ಹೊರಬದಿಯ ಹರಡಿನ ಮುಂದಿರುವ ಲಿಗಮೆಂಟ್, ಅಂದರೆ ಮೂಳೆಗೆ ಮೂಳೆ ಬಿಗಿಯುವ ಪಟ್ಟಿ, ಮೊದಲು ಹರಿಯುತ್ತದೆ. ಮಗುಚುವ ಪಾದವನ್ನು ತಡೆಯಬೇಕಾದದ್ದು ಮೊಣಕಾಲ ಕೆಳಗೆ ಹೊರಬದಿಯಲ್ಲಿರುವ ಪೆರೋನಿಯಲ್ ಸ್ನಾಯುಗಳು. ಆದರೆ ಅಪಾಯದ ಸುದ್ದಿ ತಲುಪಿ ಅವು ಬಿಗಿಯಾಗುವಷ್ಟರಲ್ಲಿ ಪೆಟ್ಟು ಬಿದ್ದಿರುತ್ತದೆ. ಹಾಗಾಗಿ ಪಾದ ನೆಲ ಮುಟ್ಟುವ ಮೊದಲೇ ಅವು ಸಿದ್ಧವಾಗಿರಬೇಕು. ಪಾದ ಯಾವ ಕೋನದಲ್ಲಿದೆ ಎಂದು ಮಿದುಳಿಗೆ ತಿಳಿಸುವ ನರತುದಿಗಳು ಲಿಗಮೆಂಟಿನಲ್ಲೂ ಇವೆ. ಅದು ಹರಿದಾಗ ಆ ಅರಿವೂ ಮಂಕಾಗುತ್ತದೆ. ಊತ ಇಳಿದರೂ ಅದು ತಾನಾಗಿ ಪೂರ್ತಿ ಮರಳುವುದಿಲ್ಲ.

ಮೊದಲ ಎರಡು–ಮೂರು ದಿನ ಎಣ್ಣೆ ಹಚ್ಚಿ ತಿಕ್ಕುವುದು, ಬಿಸಿ ಶಾಖ, 'ಉಳುಕು ತೆಗೆಸಲು' ಕಾಲೆಳೆಸುವುದು ಬೇಡವೇ ಬೇಡ. ಒಳಗಿನ ರಕ್ತಸ್ರಾವ, ಊತ ಹೆಚ್ಚುತ್ತವೆ. ಕ್ರೇಪ್ ಬ್ಯಾಂಡೇಜ್ ಸುತ್ತಿ, ಕಾಲನ್ನು ಎದೆಮಟ್ಟಕ್ಕಿಂತ ಮೇಲಿಡಿ. ನೋವಿಗೆ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು 15 ನಿಮಿಷ ಇಟ್ಟರೆ ಸಾಕು. ಪೆಟ್ಟಾದ ಕೂಡಲೇ ಆಗಲಿ, ಆಮೇಲಾಗಲಿ ನಾಲ್ಕು ಹೆಜ್ಜೆ ಇಡಲಾಗದಿದ್ದರೆ, ಹರಡಿನ ಮೂಳೆಯ ತುದಿ ಅಥವಾ ಹಿಂಬದಿ ಅಂಚನ್ನು ಒತ್ತಿದಾಗ ನೋವಿದ್ದರೆ, ಕಿರುಬೆರಳಿನ ನೇರಕ್ಕೆ ಪಾದದ ನಡುವಿನ ಮೂಳೆ ನೋಯುತ್ತಿದ್ದರೆ ಎಕ್ಸ್‌ರೇ ತೆಗೆಸಲೇಬೇಕು.

ಮುರಿತವಿಲ್ಲವೆಂದು ಖಚಿತವಾದ ಮೇಲೆ ಪೂರ್ತಿ ಹಾಸಿಗೆ ಹಿಡಿಯುವುದೂ ತಪ್ಪು. ನೋವು ತಾಳುವಷ್ಟು ನಡೆಯಿರಿ, ಪಾದವನ್ನು ಮೇಲೆ ಕೆಳಗೆ ಆಡಿಸಿ. ಮುಂದೆ ಹಳೇ ಸೈಕಲ್ ಟ್ಯೂಬನ್ನು ಮಂಚದ ಕಾಲಿಗೆ ಕಟ್ಟಿ, ಅದರ ಎಳೆತದ ವಿರುದ್ಧ ಪಾದವನ್ನು ಹೊರಕ್ಕೆ ತಿರುಗಿಸಿ: 15 ಸಲದಂತೆ ಮೂರು ಸುತ್ತು. ಹಿಮ್ಮಡಿ ಎತ್ತುವುದೂ ಅಷ್ಟೇ, ಮೊದಲು ಎರಡು ಕಾಲಿನಲ್ಲಿ, ಬಳಿಕ ಒಂದರಲ್ಲಿ. ಎಲ್ಲಕ್ಕಿಂತ ಮುಖ್ಯವಾದದ್ದು, ಹೆಚ್ಚಿನವರು ಬಿಟ್ಟುಬಿಡುವುದು, ಒಂಟಿಕಾಲಿನ ನಿಲುವು. 30 ಸೆಕೆಂಡು ಅಲುಗದೆ ನಿಲ್ಲುವುದು ಬಂದರೆ ಕಣ್ಣು ಮುಚ್ಚಿ ನಿಲ್ಲಿ. ಅದೂ ಬಂದರೆ ಮಡಿಸಿದ ಕಂಬಳಿಯ ಮೇಲೆ. ಆರೆಂಟು ವಾರ ದಿನಕ್ಕೆ ಹತ್ತು ನಿಮಿಷ ಇದಕ್ಕೆ ಕೊಡಲಾಗದವರು ಮುಂದಿನ ಪಂದ್ಯವನ್ನು ಬಿಡುವುದೇ ವಾಸಿ.

ಮರಳುವ ಮುನ್ನ ಒಂಟಿಕಾಲಲ್ಲಿ ಕುಪ್ಪಳಿಸಿ ದೂರ ಅಳೆಯಿರಿ. ಪೆಟ್ಟಾದ ಕಾಲು ಇನ್ನೊಂದರ ಶೇ 90ರಷ್ಟಾದರೂ ಮುಟ್ಟಬೇಕು. ಪೂರ್ಣ ವೇಗದಲ್ಲಿ ಓಡಿ ಗಕ್ಕನೆ ತಿರುಗಿದಾಗ ಅಳುಕಿರಬಾರದು. ಮೊದಲ ಋತುವಿನುದ್ದಕ್ಕೂ ಲೇಸ್ ಇರುವ ಆಂಕಲ್ ಬ್ರೇಸ್ (ಹರಡಿಗೆ ಆಸರೆ ಕೊಡುವ ಕವಚ) ಅಥವಾ ಟೇಪ್ ಬಳಸಿ. ಟೇಪ್ ಆಡುತ್ತಾ ಸಡಿಲವಾಗುತ್ತದೆ, ಪ್ರತಿ ಪಂದ್ಯಕ್ಕೂ ಹೊಸದಾಗಿ ಸುತ್ತಬೇಕು. ರಾತ್ರಿ ಒಂದು ಪಂದ್ಯವಾಡಿ ಎರಡು ತಾಸು ಚಳಿಯಲ್ಲಿ ಕಾದು ಕೂತವರು ಮುಂದಿನ ಪಂದ್ಯಕ್ಕೆ ಮುನ್ನ ಮತ್ತೆ ಹತ್ತು ನಿಮಿಷ ಮೈ ಬಿಸಿ ಮಾಡಿಕೊಳ್ಳಲೇಬೇಕು. ಆಯೋಜಕರು ಹಿಂದಿನ ದಿನವೇ ಅಂಕಣಕ್ಕೆ ನೀರು ಚಿಮುಕಿಸಿ, ಕಲ್ಲು ಆರಿಸಿ, ಹಿಂದಿನ ಪಂದ್ಯಗಳಲ್ಲಿ ಬಿದ್ದ ಗುಂಡಿಗಳನ್ನು ಮುಚ್ಚಿ ಮಟ್ಟ ಮಾಡಿಸಲಿ.